ಹೊಗೆಯ ಪಟ, ಮಾವನವರ ಮೂಗು

ಫೆಬ್ರವರಿ 10, ಸೋಮವಾರ

ಆಫೀಸಿನ ದಾಖಲೆಯಲ್ಲಿ ಕಾಲಂ ಇದ್ದಷ್ಟೇ ಬರೆಯಬೇಕು. ಮಾವನವರ ಬಗ್ಗೆ ಅಲ್ಲಿ ಯಾವ ಕಾಲಮ್ಮೂ ಇಲ್ಲ. ಅದಕ್ಕೇ ಈ ನೋಟ್‌ಬುಕ್.

ಅವರು ತುಮಕೂರಿನ ಮರಳೂರಿನಲ್ಲಿರುವ ನಮ್ಮ ಮನೆಗೆ ಬಂದು ಇವತ್ತಿಗೆ ಎಂಟು ದಿನ. ಗುಬ್ಬಿಯಲ್ಲಿ ಭಾವನವರ ಮನೆ ರಿಪೇರಿ ನಡೆಯುತ್ತಿದೆ, ಆ ಸಿಮೆಂಟಿನ ಧೂಳು ಇವರ ಎದೆಗೆ ಆಗುವುದಿಲ್ಲ ಎಂದು ನನ್ನ ಗಂಡ ಚನ್ನೇಶ್ ಕರೆದುಕೊಂಡು ಬಂದರು. ಕರೆತಂದ ಮಗರಾಯರು ಬೆಳಿಗ್ಗೆ ಏಳರ ಬಸ್ಸಿಗೆ ಕುಣಿಗಲ್ಲಿನ ತಮ್ಮ ಹೈಸ್ಕೂಲಿಗೆ ಹೊರಟುಬಿಡುತ್ತಾರೆ. ಉಳಿಯುವವಳು ನಾನು.

ಮಾವನವರು ಗುಬ್ಬಿ ಕಡೆಯ ಒಂದು ಮಠದಲ್ಲಿ ನಲವತ್ತು ವರ್ಷ ಅಡುಗೆ ಮಾಡಿದವರು. ಬೀಡಿ ಮುಟ್ಟಿದವರಲ್ಲ, ಸೌದೆ ಒಲೆಯ ಹೊಗೆಯೇ ಅವರ ಶ್ವಾಸಕೋಶವನ್ನು ತಿಂದಿದೆ. ಎರಡು ವರ್ಷದ ಹಿಂದೆ ಮಂಡಿನೋವು ಎಂದು ಹೇಳಿ ಕೆಲಸ ಬಿಟ್ಟರು. ಅಡುಗೆಮನೆಯ ಅಧಿಕಾರ ಮಾತ್ರ ಬಿಟ್ಟಿಲ್ಲ. ನಾನು ಒಗ್ಗರಣೆ ಹಾಕುವಾಗ ಬಾಗಿಲಲ್ಲಿ ನಿಂತು, "ಸಾಸಿವೆ ಸದ್ದು ಇನ್ನೂ ಅಡಗಿಲ್ಲ, ತಡಿಯಮ್ಮ" ಅನ್ನುತ್ತಾರೆ. ಬೆಳಿಗ್ಗೆ ಐದೂವರೆಗೇ ಮುಂಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತು ಗಾಳಿ ಮೂಸುತ್ತಾರೆ. ಮನೆಯೊಳಗೆಲ್ಲ ಸೊಳ್ಳೆ. ಇವತ್ತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಎಷ್ಟು ದಿನ ನುಂಗುತ್ತೇನೋ ಗೊತ್ತಿಲ್ಲ.

ಫೆಬ್ರವರಿ 12, ಬುಧವಾರ

"ಅದೇನಮ್ಮ ದಿನಾ ಆಕಾಶದ ಫೋಟೋ ನೋಡೋ ಕೆಲ್ಸ?" ಎಂದು ಮಾವನವರು ಕೇಳಿದರು. ಹತ್ತು ದಿನದಲ್ಲಿ ಅವರು ನನ್ನ ಕೆಲಸದ ಬಗ್ಗೆ ಕೇಳಿದ್ದು ಇದೇ ಮೊದಲು. ಹೇಳಿದೆ. ಹೇಳುತ್ತಾ ನನಗೇ ಹೆಮ್ಮೆಯಾಯಿತು, ಸುಳ್ಳು ಯಾಕೆ.

ಬೇಸಿಗೆ ಬಂತೆಂದರೆ ನಮ್ಮ ಕಡೆ ಗುಡ್ಡಗಳ ಹುಲ್ಲಿಗೆ ಬೆಂಕಿ ಬೀಳುತ್ತದೆ. ದೇವರಾಯನದುರ್ಗದ ಕಾಡಿಗೆ ಬಿದ್ದರಂತೂ ಹೊಗೆ ಮೈಲಿಗಟ್ಟಲೆ ಹರಿಯುತ್ತದೆ. ಒಂದು ಉಪಗ್ರಹ ಬೆಳಿಗ್ಗೆ ಹತ್ತೂವರೆಗೆ, ಇನ್ನೊಂದು ಮಧ್ಯಾಹ್ನ ಒಂದೂವರೆಗೆ ನಮ್ಮ ತಲೆಯ ಮೇಲೆ ಹಾದುಹೋಗುತ್ತವೆ. ಅವು ತೆಗೆದ ಚಿತ್ರದಲ್ಲಿ ಬೆಂಕಿ ಕೆಂಪು ಚುಕ್ಕಿ, ಹೊಗೆ ನೀರು ಬೆರೆಸಿದ ಹಾಲಿನಂಥ ಪಟ್ಟೆ. ಗಾಳಿಯ ದಿಕ್ಕು ಸೇರಿಸಿ, ನಾಳೆ ಬೆಳಿಗ್ಗೆ ಆ ಪಟ್ಟೆ ಯಾವ ಊರಿನ ಮೇಲಿರುತ್ತದೆ ಎಂದು ಪಟ ಬರೆಯುವುದು ನನ್ನ ಕೆಲಸ. ಸಂಜೆ ಆರೂವರೆಗೆ ತುಮಕೂರು, ಗುಬ್ಬಿ, ಕುಣಿಗಲ್‌ಗಳ ನೂರಾ ಹನ್ನೆರಡು ಜನರಿಗೆ ಫೋನ್ ಹೋಗುತ್ತದೆ. ಎಲ್ಲರೂ ಉಸಿರಾಟದ ತೊಂದರೆ ಇರುವವರು, ಹೆಚ್ಚಿನವರಿಗೆ ಓದಲು ಬಾರದು. ಎತ್ತಿದರೆ ನನ್ನ ರೆಕಾರ್ಡ್ ಆದ ದನಿ: ನಾಳೆ ಬಾಗಿಲು ಹಾಕಿಕೊಳ್ಳಿ, ಅಥವಾ ತೆಗೆದಿಡಿ.

ಎರಡು ತಿಂಗಳ ಪರೀಕ್ಷೆ ಇದು. ಸರಿಬಂದರೆ ಏಪ್ರಿಲ್‌ನಿಂದ ಮೂರೂ ತಾಲ್ಲೂಕಿನ ಎಲ್ಲ ಆರೋಗ್ಯ ಕೇಂದ್ರಗಳ ಮೂಲಕ ಸಾವಿರಾರು ಜನರಿಗೆ ಹೋಗುತ್ತದೆ. ಸರಿಬಂತೋ ಇಲ್ಲವೋ ಎಂದು ನೋಡಲು ಪ್ರತಿ ಊರಿನಲ್ಲೂ ಒಬ್ಬರು ಬೆಳಿಗ್ಗೆ ಏಳಕ್ಕೆ ಹೊಗೆ ಇದೆಯೇ ಎಂದು ಹೇಳಬೇಕು. ಆ ಕಾಲಮ್ಮಿಗೆ 'ನೆಲದ ಮಾತು' ಎಂದು ಹೆಸರು. ದುರ್ಗದ ಬುಡದಲ್ಲಿ ಹನುಮಕ್ಕ ಇದ್ದಾರೆ, ಕುಣಿಗಲ್ ಕಡೆಯ ಯಡಿಯೂರಿನಲ್ಲಿ ರಂಗಮ್ಮ. ತುಮಕೂರಿಗೆ ಇನ್ನೂ ಯಾರೂ ಸಿಕ್ಕಿಲ್ಲ. ನಮ್ಮ ಮುಖ್ಯಸ್ಥರಾದ ಸೋಮಶೇಖರ್ ಸರ್ ಅವರದು ಒಂದೇ ನಿಯಮ: ನೆಲದ ಮಾತು ಹೇಳುವವರಿಗೆ ನಮ್ಮ ಪಟ ತೋರಿಸಬಾರದು, ನಮ್ಮ ಫೋನ್ ಹೋಗಬಾರದು. ಕೇಳಿದ್ದನ್ನೇ ತಿರುಗಿ ಹೇಳಿದರೆ ಪರೀಕ್ಷೆಗೆ ಅರ್ಥವೇ ಇಲ್ಲ.

ಮಾವನವರು ಎಲ್ಲ ಕೇಳಿ, "ಹೊಗೆ ನೋಡಾಕೆ ಅಷ್ಟ್ ಮ್ಯಾಕೆ ಹೋಗ್ಬೇಕಾ?" ಅಂದರು.

ಫೆಬ್ರವರಿ 14, ಶುಕ್ರವಾರ

ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲಿಂದಲೇ ಕೂಗಿದರು. "ಉಮಾ, ದುರ್ಗದ ಕಡೆ ಬಾದೆ ಹುಲ್ಲು ಹತ್ತೈತೆ ಕಣಮ್ಮ. ಗಾಳಿ ಇತ್ಲಾಗೇ ಬರ್ತೈತೆ. ಕಿಟ್ಕಿ ಹಾಕು."

ನಿನ್ನೆ ನಾನು ಬರೆದ ಪಟವೂ ಅದನ್ನೇ ಹೇಳಿತ್ತು. ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಹೊರಗೆ ಬಂದು ನಾನೂ ಮೂಸಿದೆ. ನನಗೆ ಪಕ್ಕದ ಮನೆಯ ಊದುಬತ್ತಿ ಬಿಟ್ಟು ಏನೂ ಸಿಗಲಿಲ್ಲ.

ಚನ್ನೇಶ್ ನಕ್ಕರು. "ಅಪ್ಪನ ಮೂಗು ಅಂದ್ರೆ ಏನ್ ಅಂದ್ಕೊಂಡಿದೀಯ? ಮಠದಲ್ಲಿ ಪೂಜೆ ಆಗೋವರ್ಗೂ ಅಡುಗೆ ಬಾಯಿಗಿಡೋ ಹಾಗಿಲ್ಲ. ಆರ್ನೂರು ಮಕ್ಕಳ ಸಾರಿಗೆ ಉಪ್ಪು ಸರಿಯಾಯ್ತಾ ಅಂತ ಆವಿ ಮೂಸೇ ಹೇಳ್ತಿದ್ರು. ಒಂದಿನ ತಪ್ಪಿದ್ದಿಲ್ಲ."

ಮಾವನವರು ಕೇಳಿಸದವರ ಹಾಗೆ ಪಂಚೆ ಕೊಡವುತ್ತಿದ್ದರು. ಕೇಳಿಸಿತ್ತು.

ಫೆಬ್ರವರಿ 17, ಸೋಮವಾರ

ಶನಿವಾರ ಸರಿ. ಭಾನುವಾರ ಸರಿ. ಇವತ್ತು "ಸುದ್ದವಾಗೈತೆ" ಅಂದರು, ಸರಿ. ಸೋಮಶೇಖರ್ ಸರ್‌ಗೆ ಹೇಳಿದೆ. ತುಮಕೂರಿನ ನೆಲದ ಮಾತು ಇನ್ನು ಮುಂದೆ ನಮ್ಮ ಮಾವನವರದು. "ಪಟ ತೋರಿಸಲ್ಲ ತಾನೇ?" ಎಂದು ಸರ್ ಕೇಳಿದರು. ಇಲ್ಲ ಸರ್ ಅಂದೆ. ಆಫೀಸಿನ ವಿಷಯ ಮನೆಯಲ್ಲಿ ಬಾಯಿಬಿಡುವುದನ್ನೂ ನಿಲ್ಲಿಸಿದ್ದೇನೆ.

ಮಾವನವರಿಗೆ ಕೆಲಸ ಕೊಟ್ಟ ಸುದ್ದಿ ಹೇಳಿದೆ. "ನಾನ್ಯಾಕಮ್ಮ, ಬೇರೆ ಯಾರ್ನಾರಾ ನೋಡು" ಅಂದರು. ಸಂಕೋಚದ ಮನುಷ್ಯ. ನಾನೇ ಒತ್ತಾಯ ಮಾಡಿದೆ.

ಫೆಬ್ರವರಿ 20, ಗುರುವಾರ

ಮತ್ತೆ ಸರಿ. ಉಪಗ್ರಹ ಏಳುನೂರು ಕಿಲೋಮೀಟರ್ ಮೇಲಿದೆ, ಮಾವನವರು ನಮ್ಮ ಮೆಟ್ಟಿಲ ಮೇಲಿದ್ದಾರೆ. ಇಬ್ಬರೂ ಮಾತಾಡಿಕೊಂಡ ಹಾಗೆ ಒಂದೇ ಉತ್ತರ ಕೊಡುತ್ತಾರೆ.

ಫೆಬ್ರವರಿ 23, ಭಾನುವಾರ

ಹಾಲು ಉಕ್ಕಿ ತಳ ಹಿಡಿದು ಮನೆಯೆಲ್ಲ ಕಮರು. ನಾನು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದೆ, ಅಲ್ಲಿಗೇ ವಾಸನೆ ಬಂತು. ಓಡಿ ಬಂದರೆ ಮಾವನವರು ಒಲೆಯ ಪಕ್ಕದಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಾರೆ. "ಏನೋ ಯೋಚ್ನೇಲಿದ್ದೆ ಕಣಮ್ಮ" ಅಂದರು. ಮುಖ ಸಣ್ಣದು ಮಾಡಿಕೊಂಡಿದ್ದರು. ಪಾತ್ರೆಯನ್ನು ನನಗೆ ಕೊಡದೆ ತಾವೇ ಬೂದಿ ಹಾಕಿ ಉಜ್ಜಿದರು.

ಆ ಗಡಿಬಿಡಿಯಲ್ಲಿ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಬಡಿಸುವ ಮುಂಚೆ ಮಾವನವರು ಎಂದಿನಂತೆ ಆವಿ ಮೂಸಿ, "ಹದವಾಗೈತೆ" ಅಂದರು. ಚನ್ನೇಶ್ ಒಂದು ತುತ್ತು ತಿಂದು ನನ್ನ ಮುಖ ನೋಡಿ ಸದ್ದಿಲ್ಲದೆ ಉಪ್ಪಿನ ಡಬ್ಬಿ ಎಳೆದುಕೊಂಡರು. ನನ್ನ ಮನಸ್ಸು ನೋಯಬಾರದೆಂದು ಮಾವ ಹಾಗೆ ಹೇಳಿದ್ದು. ಮೊದಲ ವಾರದಲ್ಲಿ ನಾನು ಅವರ ಬಗ್ಗೆ ಸುಮ್ಮನೆ ಸಿಡಿಮಿಡಿ ಮಾಡಿದೆ ಅನ್ನಿಸಿತು.

ಫೆಬ್ರವರಿ 26, ಶಿವರಾತ್ರಿ

ಮಾವ ಉಪವಾಸ. ನಾನು ಅರ್ಧ ಉಪವಾಸ, ಚನ್ನೇಶ್ ಹಣ್ಣಿನ ಹೆಸರಿನಲ್ಲಿ ಎರಡು ಊಟ. ಮುದ್ದೆ ಗಂಟಾಗದಂತೆ ಹಿಟ್ಟು ಯಾವಾಗ ಬಿಡಬೇಕು ಎಂದು ಮಾವ ಹಸಿದ ಹೊಟ್ಟೆಯಲ್ಲೇ ಒಂದು ಗಂಟೆ ಪಾಠ ಮಾಡಿದರು. ನಮ್ಮಪ್ಪ ಇದ್ದಿದ್ದರೆ ಇವರಷ್ಟೇ ವಯಸ್ಸಾಗಿರುತ್ತಿತ್ತು.

ಮಾರ್ಚ್ 4, ಮಂಗಳವಾರ

ಗುಬ್ಬಿ ಹತ್ತಿರ ಒಂದು ಕೆಂಪು ಚುಕ್ಕಿ ಹತ್ತು ದಿನದಿಂದ ಒಂದೇ ಜಾಗದಲ್ಲಿ ಕೂತಿದೆ. ಕಾಡಿನ ಬೆಂಕಿ ಅಷ್ಟು ಶಿಸ್ತಿನದಲ್ಲ. ವಿಚಾರಿಸಿದರೆ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಗುಂಡಿಗಳು. ಪಟದಿಂದ ತೆಗೆದೆ.

ಸಂಜೆ ಏಳಕ್ಕೆ ಮನೆಗೆ ಬಂದರೆ ಮಾವ ಪಾರ್ಕಿನಿಂದ ಆಗಲೇ ಬಂದು, ಗೇಟಿನ ಚಿಲಕ ತೆಗೆದಿಟ್ಟು ಕಾಯುತ್ತಿರುತ್ತಾರೆ. "ಬಂದ್ಯಾ?" ಅನ್ನುತ್ತಾರೆ, ಅಷ್ಟೇ. ಒಂದು ದಿನ ತಡವಾದರೆ ಆ ಪ್ರಶ್ನೆ ಗೇಟಿನಾಚೆ ಬೀದಿಯಲ್ಲೇ ಸಿಗುತ್ತದೆ.

ಮಾರ್ಚ್ 8, ಶನಿವಾರ

ಇಪ್ಪತ್ತು ದಿನದ ಫಲಿತಾಂಶ. ಹನುಮಕ್ಕ, ರಂಗಮ್ಮ ಇಬ್ಬರದೂ ಇಪ್ಪತ್ತಕ್ಕೆ ಹನ್ನೆರಡೋ ಹದಿಮೂರೋ ಸರಿ. ತುಮಕೂರು ಇಪ್ಪತ್ತಕ್ಕೆ ಇಪ್ಪತ್ತು. ಊರು ದೊಡ್ಡದಾದಷ್ಟೂ ನಮ್ಮ ಪಟ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಸೋಮಶೇಖರ್ ಸರ್ ಒಂದು ಸಿದ್ಧಾಂತವನ್ನೇ ಕಟ್ಟಿದರು. ಆರೋಗ್ಯ ಇಲಾಖೆಗೆ ಕಳಿಸುವ ವರದಿ ಸಿದ್ಧವಾಗುತ್ತಿದೆ. ಆಫೀಸಿಗೂ ಮನೆಗೂ ಮೈಸೂರುಪಾಕ್ ತಂದೆ.

ಮಾರ್ಚ್ 11, ಮಂಗಳವಾರ. ಆಸ್ಪತ್ರೆ.

ಬೆಳಿಗ್ಗೆ ಐದಕ್ಕೇ ನಾನು ಹನುಮಕ್ಕನ ಊರಿಗೆ ಹೊರಟಿದ್ದೆ. ದುರ್ಗದ ಇಳಿಜಾರು ನಿನ್ನೆಯಿಂದ ಉರಿಯುತ್ತಿದೆ. ಹೊಗೆ ಊರನ್ನು ಬಿಟ್ಟು ಕುಣಿಗಲ್ ಕಡೆ ಹೋಗುತ್ತದೆ ಎಂದು ನಿನ್ನೆ ಹೇಳಿದ್ದೆ. 'ತುಮಕೂರಿನವರು ನಿಶ್ಚಿಂತೆಯಿಂದ ಹೊರಗೆ ಓಡಾಡಬಹುದು.' ನನ್ನದೇ ಮಾತು. ರಾತ್ರಿ ಗಾಳಿ ತಿರುಗಿದೆ. ಹನುಮಕ್ಕ ಕೈ ತೋರಿಸಿ, "ನೋಡಮ್ಮ, ನಿಮ್ಮ ಊರ್ ಮ್ಯಾಲೇ ಹೋಗ್ತಾ ಐತೆ" ಅಂದರು. ಫೋನ್ ತೆಗೆಯುವಷ್ಟರಲ್ಲಿ ಪಕ್ಕದ ಮನೆಯ ಶಿವರಾಮಯ್ಯನವರ ಫೋನೇ ಬಂತು. ಮಾವ ಪಾರ್ಕಿನ ಬೆಂಚಿನ ಮೇಲೆ ಕೂತವರು ಏಳಲಾಗಲಿಲ್ಲವಂತೆ. ತುಟಿ ನೀಲಿ. ಆಟೋದಲ್ಲಿ ಕರೆತಂದವರು ಅವರೇ.

ಆಕ್ಸಿಜನ್ ಹಾಕಿದ್ದಾರೆ. ಪಟ್ಟಿಯಲ್ಲಿರುವ ತುಮಕೂರಿನ ಇಬ್ಬರನ್ನೂ ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಸರ್ ಹೇಳಿದರು.

ನನಗೆ ಅರ್ಥವಾಗದ್ದು ಒಂದೇ. ಇವರ ಮೂಗಿಗೆ ಅಷ್ಟು ಹೊಗೆ ಹೇಗೆ ಗೊತ್ತಾಗಲಿಲ್ಲ?

ಮಾರ್ಚ್ 12, ಬುಧವಾರ

ಆಫೀಸಿಗೆ ಹೋಗಲಿಲ್ಲ. ಚಿತ್ರಗಳನ್ನು ಸರ್ ನೋಡಿದರು, ಸಂದೇಶ ಮಾತ್ರ ವಾರ್ಡಿನ ಹೊರಗೆ ನಿಂತು ನಾನೇ ಮಾತಾಡಿ ಕಳಿಸಿದೆ. ಒಳಗೆ ಬಂದು ಕೂತಿದ್ದೆ. ಆರೂವರೆಗೆ ಮಾವನ ದಿಂಬಿನ ಕೆಳಗಿದ್ದ ಫೋನ್ ಹೊಡೆದುಕೊಂಡಿತು. ಗುಬ್ಬಿಯಿಂದ ಭಾವನವರಿರಬೇಕೆಂದು ಎತ್ತಿ ಕಿವಿಗಿಟ್ಟೆ.

'ಶರಣು. ನಾನು ಉಮಾಮಹೇಶ್ವರಿ ಮಾತಾಡ್ತಿದೀನಿ. ನಾಳೆ ಬೆಳಿಗ್ಗೆ…'

ನನ್ನ ದನಿ ನನ್ನ ಕಿವಿಗೇ ಬಂತು. ಮಾವ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿಯಿತು.

ಗುಬ್ಬಿಯಲ್ಲಿದ್ದಾಗ ಆಶಾ ಕಾರ್ಯಕರ್ತೆ ಮನೆಗೆ ಬಂದು ನಂಬರ್ ಬರೆದುಕೊಂಡಿದ್ದಳಂತೆ. ನಮ್ಮ ಪಟ್ಟಿಯಲ್ಲಿ ನಾಲ್ಕು ಜನ ಮಹಾದೇವಯ್ಯ ಇದ್ದಾರೆ. ನಾಲ್ಕನೆಯವರು ನಮ್ಮ ಮನೆಯಲ್ಲೇ ಊಟ ಮಾಡುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಮಾಸ್ಕ್ ಸರಿಸಿಕೊಂಡು, ತಡೆತಡೆದು ಹೇಳಿದರು. "ಮೂಗು ಹೋಗಿ ಎರಡ್ ವರ್ಷ ಆಯ್ತಮ್ಮ. ಒಂದ್ ಜ್ವರ ಬಂತು, ಅದ್ರ ಜತೆ ಹೋಯ್ತು. ಮಠದಾಗೆ ಒಂದಿನ ಪಾಯಸ ತಳ ಹತ್ತಿತ್ತು. ನಂಗೆ ಗೊತ್ತೇ ಆಗ್ಲಿಲ್ಲ. ಆರ್ನೂರ್ ಮಕ್ಳು ಸುಮ್ನೆ ತಿಂದ್ವು, ಒಂದೂ ಮಾತಾಡ್ಲಿಲ್ಲ. ಮಂಡಿನೋವು ಅಂತ ಹೇಳಿ ಬಂದ್ಬುಟ್ಟೆ."

"ನಮಗಾದ್ರೂ ಹೇಳ್ಬಾರ್ದಿತ್ತಾ ಮಾವ?"

"ಏನಂತ ಹೇಳ್ಲಿ? ಚನ್ನೇಶ ಎಲ್ರ ಮುಂದೂ ನಮ್ಮಪ್ಪನ ಮೂಗು, ನಮ್ಮಪ್ಪನ ಮೂಗು ಅಂತಾನೆ. ದಿನಾ ಸಂಜೆ ಪಾರ್ಕಲ್ಲಿ ನಿನ್ ದನಿ ಕೇಳ್ತಿದ್ದೆ. ಬೆಳಿಗ್ಗೆ ಅದನ್ನೇ ಹೇಳ್ತಿದ್ದೆ. ನೀನು ಖುಷಿ ಪಡ್ತಿದ್ದೆ. ಆಮ್ಯಾಕೆ ಕೆಲ್ಸನೇ ಕೊಟ್ಬುಟ್ಟೆ. ಬೇಡ ಅಂದ್ರೂ ಕೇಳ್ಲಿಲ್ಲ."

"ನಿನ್ನೆ ಎದೆ ಬಿಗೀತಿರ್ಲಿಲ್ವಾ?"

"ಬಿಗೀತು. ಬಿಳೀಗೆ ಕಾಣ್ತು, ಮಂಜು ಅಂದ್ಕೊಂಡೆ. ನೀನು ಹೊಗೆ ಇಲ್ಲ ಅಂದಿದ್ಯಲ್ಲ."

ಮಾಸ್ಕ್ ಮತ್ತೆ ಹಾಕಿ, ಕೈ ಹಿಡಿದುಕೊಂಡು ಕೂತೆ. ಚನ್ನೇಶ್ ಬರುವವರೆಗೂ ಬಿಡಲಿಲ್ಲ.

ಮಾರ್ಚ್ 13, ಗುರುವಾರ

ಇಪ್ಪತ್ತಕ್ಕೆ ಇಪ್ಪತ್ತು ಯಾಕೆ ಸರಿಬಂತು ಎಂದು ಈಗ ಗೊತ್ತಾಯಿತು. ನನ್ನ ಮಾತನ್ನು ನಾನೇ ಕೇಳಿ ತಲೆದೂಗಿದ್ದೆ. ವರದಿ ಸೋಮವಾರ ಇಲಾಖೆಗೆ ಹೋಗುತ್ತದೆ. ನಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಮಾರ್ಚ್ 14, ಶುಕ್ರವಾರ

ಬಾಯಿ ಬಿಟ್ಟೆ. ಇದೇ ಪಟವನ್ನು ನಂಬಿ ಸಾವಿರಾರು ಮುದುಕರು ಪಾರ್ಕಿಗೆ ಹೋಗುವುದು ಕಣ್ಣ ಮುಂದೆ ಬರುತ್ತಿತ್ತು.

ಸೋಮಶೇಖರ್ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದೇ ಒಂದು ನಿಯಮ ಹೇಳಿದ್ದೆ ಕಣ್ರೀ ನಾನು."

"ಪಟ್ಟಿ ನೋಡ್ಬೇಕಿತ್ತು ಸರ್. ನೋಡ್ಲಿಲ್ಲ. ತಪ್ಪು ನಂದು. ಅವರ ಹೆಸರು ಎಲ್ಲೂ ಹಾಕ್ಬೇಡಿ."

ಸರ್ ತುಮಕೂರಿನ ಕಾಲಮ್ಮಿಗೆ ಅಡ್ಡಗೆರೆ ಹಾಕಿದರು. ಅದು ಹೋದರೆ ನಮ್ಮ ಪಟ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸರಿ, ಅಷ್ಟೇ. ಏಪ್ರಿಲ್ಲಿನ ಯೋಜನೆ ಮುಂದಿನ ಬೇಸಿಗೆಗೆ ಹೋಯಿತು. ಬೇರೆಯವರಾಗಿದ್ದರೆ ನನ್ನನ್ನೂ ಕಳಿಸುತ್ತಿದ್ದರು. ಸರ್ ನನ್ನನ್ನು ಇಟ್ಟುಕೊಂಡರು, ಮೈಸೂರುಪಾಕ್ ಮಾತ್ರ ವಾಪಸ್ ಕೊಡಲಾಗುವುದಿಲ್ಲ ಅಂದರು. ಆಗ ಅಳು ಬಂತು.

ಮಾರ್ಚ್ 17, ಸೋಮವಾರ

ಅಪ್ಪಾಜಿ ಮನೆಗೆ ಬಂದರು. ಬಂದ ತಕ್ಷಣ ಚೀಲಕ್ಕೆ ಪಂಚೆ ತುಂಬತೊಡಗಿದರು. "ಗುಬ್ಬೀಗೆ ಹೋಗ್ತೀನಿ. ನಿನ್ ಕೆಲ್ಸ ಕೆಡಿಸ್ದೆ."

ತುಂಬಿದ್ದನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದು ಮಡಚಿಟ್ಟೆ. ಅವರು ಮತ್ತೆ ತುಂಬಿದರು. ಮತ್ತೆ ತೆಗೆದೆ. ಚನ್ನೇಶ್ ಬಾಗಿಲಲ್ಲಿ ನಿಂತು, "ಅಪ್ಪ, ನಿನ್ನ ಮೂಗನ್ನ ಕಟ್ಕೊಂಡು ನಾನೇನ್ ಮಾಡ್ಲಿ, ನೀನಿರು" ಅಂದರು. ಅಪ್ಪಾಜಿ ಚೀಲ ಕೆಳಗಿಟ್ಟರು.

ಮನೆಯೊಳಗಿನ ಸೊಳ್ಳೆ ಲೆಕ್ಕಕ್ಕಿಲ್ಲ, ಅವರು ಬಾಗಿಲು ತೆಗೆದರೆ ಈಗ ಹೊಗೆಯ ಭಯವಾಗುತ್ತದೆ.

ಮಾರ್ಚ್ 19, ಬುಧವಾರ

ಡಾಕ್ಟರು ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟಿದ್ದಾರೆ. ಜೋರಾಗಿ ಊದಿದರೆ ಒಳಗಿನ ಮುಳ್ಳು ಮುಂದೆ ಸರಿದು ಉಸಿರಿನ ಬಲ ಎಷ್ಟೆಂದು ತೋರಿಸುತ್ತದೆ. ಅಪ್ಪಾಜಿಯ ಒಳ್ಳೆಯ ದಿನದ ಅಂಕಿ ಇನ್ನೂರ ಮೂವತ್ತು. ನೂರೆಂಬತ್ತಕ್ಕೆ ಇಳಿದರೆ ಹೊರಗೆ ಹೋಗಬಾರದು, ನೂರೈವತ್ತಕ್ಕೆ ಇಳಿದರೆ ಆಸ್ಪತ್ರೆ.

ಎರಡು ದಿನ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಇವತ್ತು ತಾವೇ ಹೇಳಿದರು: "ನಿನ್ ಫೋನ್ ನಂಗೆ ಬರದಂಗೆ ಮಾಡು. ಬೆಳಿಗ್ಗೆ ಎದ್ದು ಇದ್ನ ಊದ್ತೀನಿ. ಬಂದಿದ್ನ ನಿನ್ ಪುಸ್ತಕ್ದಾಗೆ ಬರ್ಕೊ. ಈ ಮುಳ್ಳು ನಿನ್ ಮುಖ ನೋಡಿ ಹೇಳಾಕಿಲ್ಲ."

ಸರ್ ಅವರನ್ನು ಕೇಳಿ ತುಮಕೂರಿನ ಕಾಲಂ ಮತ್ತೆ ತೆರೆದೆ, ಪಟ್ಟಿಯಿಂದ ನಾಲ್ಕನೆಯ ಮಹಾದೇವಯ್ಯನವರನ್ನು ತೆಗೆದೆ. ಇನ್ನು ನೂರಾ ಹನ್ನೊಂದು ಜನ.

ಮಾರ್ಚ್ 22, ಶನಿವಾರ

ಇನ್ನೂರ ಇಪ್ಪತ್ತು. ನಿನ್ನೆ ಇನ್ನೂರ ಮೂವತ್ತು. ಇಬ್ಬರೂ ಕಾಫಿಗಿಂತ ಮೊದಲು ಮುಳ್ಳು ನೋಡುತ್ತೇವೆ.

ಮಾರ್ಚ್ 25, ಮಂಗಳವಾರ

ನಿನ್ನೆ ಮಧ್ಯಾಹ್ನದ ಚಿತ್ರ ಶುಭ್ರವಾಗಿತ್ತು. ಒಂದೂ ಚುಕ್ಕಿ ಇಲ್ಲ. 'ನಾಳೆ ಎಲ್ಲ ಕಡೆ ಒಳ್ಳೆಯ ಗಾಳಿ' ಎಂದು ಹೇಳಿ ಮನೆಗೆ ಬಂದಿದ್ದೆ.

ಬೆಳಿಗ್ಗೆ ಆರಕ್ಕೆ ಅಪ್ಪಾಜಿ ಊದಿದರು. ನೂರೆಪ್ಪತ್ತೈದು. ಸರಿಯಾಗಿ ಊದಿಲ್ಲ, ಇನ್ನೊಂದು ಸಲ ಊದಿ ಅಂದೆ. ನೂರೆಪ್ಪತ್ತು. ಮೂರನೇ ಸಲವೂ ಅಷ್ಟೇ. ಕೊಳವೆಯನ್ನು ಮೇಜಿನ ಮೇಲಿಟ್ಟು ನನ್ನನ್ನು ನೋಡಿದರು.

"ನೀನು ನೆನ್ನೆ ಏನ್ ಹೇಳಿದ್ಯೋ ನಂಗೊತ್ತಿಲ್ಲ. ಇವತ್ತು ಗಾಳಿ ಚೆನ್ನಾಗಿಲ್ಲ ಕಣಮ್ಮ."

"ಚೆನ್ನಾಗೈತೆ ಅಂತ ಹೇಳಿದೀನಿ ಅಪ್ಪಾಜಿ."

"ಅಂಗಾರೆ ತಪ್ಪು ಹೇಳಿದೀಯ."

ನಾಲ್ಕು ವಾರ ಹೌದು ಹೌದು ಅಂದವರು ಇವತ್ತು ಇಲ್ಲ ಅಂದರು. ಹನುಮಕ್ಕನಿಗೆ ಫೋನ್ ಮಾಡಿದೆ. ಒಂದೂವರೆಯ ಉಪಗ್ರಹ ಹೋದ ಮೇಲೆ, ಸಂಜೆ ನಾಲ್ಕಕ್ಕೆ ಬಿದ್ದ ಬೆಂಕಿಯಂತೆ, ಗುಡ್ಡದ ಹಿಂಭಾಗದಲ್ಲಿ. ಈ ಹೊತ್ತಿಗೆ ನೂರಾ ಹನ್ನೊಂದು ಜನರಲ್ಲಿ ಅರ್ಧದಷ್ಟು ಮಂದಿ ನನ್ನ ಮಾತು ನಂಬಿ ಚಪ್ಪಲಿ ಮೆಟ್ಟುತ್ತಿರುತ್ತಾರೆ. ಈಗಲೇ ಫೋನ್ ಹೋಗಬೇಕು. ರೆಕಾರ್ಡ್ ಮಾಡಲು ಫೋನ್ ತೆಗೆದುಕೊಂಡು ಕೂತೆ. ನಿನ್ನೆ ಒಳ್ಳೆಯ ಗಾಳಿ ಅಂದ ದನಿಯೇ ಇವತ್ತು ಕೆಟ್ಟ ಗಾಳಿ ಅಂದರೆ ಯಾರು ಕೇಳುತ್ತಾರೆ?

ಅಪ್ಪಾಜಿ ಕೈ ಚಾಚಿದರು. "ಕೊಡಿಲ್ಲಿ. ನಾನ್ ಹೇಳ್ತೀನಿ."

ಫೋನನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ನಡುನಡುವೆ ಉಸಿರು ತೆಗೆದುಕೊಳ್ಳುತ್ತಾ ಹೇಳಿದ್ದನ್ನು ಇಲ್ಲಿ ಹಾಗೇ ಬರೆದಿಡುತ್ತೇನೆ.

"ಶರಣು. ನಾನು ಮಹಾದೇವಯ್ಯ. ಮಠದಾಗೆ ಅಡುಗೆ ಮಾಡ್ತಿದ್ದೋನು. ನಿಮ್ಮಂಗೇ ಉಸಿರು ಕಟ್ಟೋ ಕಾಯಿಲೆ. ನಂಗೆ ವಾಸ್ನೆ ತಿಳಿಯಾಕಿಲ್ಲ, ಎರಡ್ ವರ್ಷ ಆಯ್ತು. ಯಾರಿಗೂ ಹೇಳಿರ್ಲಿಲ್ಲ. ಈಗ ಉಸಿರು ಊದಿ ನೋಡ್ದೆ, ಕಮ್ಮಿ ಬಂತು. ಅಂದ್ರೆ ಹೊಗೆ ಐತೆ. ಆಚೆ ಬಿಳೀಗೆ ಕಂಡ್ರೆ ಮಂಜು ಅನ್ಕೋಬೇಡಿ. ನಾನು ಅನ್ಕೊಂಡು ಆಸ್ಪತ್ರೆ ಸೇರ್ದೆ. ಇವತ್ತು ಬಾಗ್ಲು ಹಾಕ್ಕೊಂಡು ಒಳಗಿರಿ."

ಆರು ಇಪ್ಪತ್ತಕ್ಕೆ ಎಲ್ಲರಿಗೂ ಹೋಯಿತು. ಪಾರ್ಕಿನ ಗೇಟಿನಿಂದ ಇಬ್ಬರು ವಾಪಸ್ ಹೋದರು ಎಂದು ಶಿವರಾಮಯ್ಯನವರು ಆಮೇಲೆ ಹೇಳಿದರು. ಪಟ್ಟಿಯವರಲ್ಲಿ ಯಾರೂ ಆಸ್ಪತ್ರೆ ಸೇರಿಲ್ಲ. ಮಧ್ಯಾಹ್ನ ಸರ್ ಆ ದನಿಯನ್ನು ಎರಡು ಸಲ ಕೇಳಿ, "ನಾಳೆಯಿಂದ ಬೆಳಿಗ್ಗೆ ಇವರೇ ಮಾತಾಡ್ಲಿ" ಅಂದರು.

ಹತ್ತೂವರೆಯ ಚಿತ್ರ ಬಂದಾಗ ಮರಳೂರಿನ ಮೇಲೆ ಬಹಳ ತೆಳುವಾದ ಪಟ್ಟೆ ಇತ್ತು. ಗೊತ್ತಿದ್ದು ಹುಡುಕಿದರೆ ಮಾತ್ರ ಕಾಣುವಂಥದ್ದು. ನೆಲದ ಮಾತಿನ ಕಾಲಮ್ಮಿನಲ್ಲಿ 'ಪಟ ತಪ್ಪು' ಎಂದು ಬರೆದೆ. ಇಷ್ಟು ಖುಷಿಯಿಂದ ನನ್ನ ತಪ್ಪನ್ನು ನಾನು ಯಾವತ್ತೂ ಬರೆದಿಲ್ಲ. ಮನೆಗೆ ಫೋನ್ ಮಾಡಿ, ಅಪ್ಪಾಜಿ, ನೀವು ಹೇಳಿದ್ದೇ ಸರಿ ಅಂದೆ.

"ಸರಿ ಬುಡು, ನಾನು ಬಾಗ್ಲು ಹಾಕ್ಕೊಂಡಿದೀನಿ. ನೀನು ಬರುವಾಗ ಮುಖಕ್ಕೆ ಬಟ್ಟೆ ಕಟ್ಕೊಂಡ್ ಬಾ. ನಂಗಂತೂ ಇಲ್ಲ, ನಿಂಗಾದ್ರೂ ಐತಲ್ಲ ಮೂಗು."

ಕಟ್ಟಿಕೊಂಡೇ ಬಂದೆ.